ಗಿಟಾರಿಸ್ಟ್ ಬದಲಾದ ಮೇಲೆ ಆಲ್ಬಮ್: ಡೀಪ್ ಪರ್ಪಲ್ ರೆಕಾರ್ಡಿಂಗಿನ ಒಳಲೆಕ್ಕ

ಬ್ರಿಟನ್ನಿನ ಹಾರ್ಡ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಇಪ್ಪತ್ತಮೂರನೇ ಸ್ಟುಡಿಯೋ ಆಲ್ಬಮ್ ‘=1’ ಬಿಡುಗಡೆಯಾಗಿದ್ದು 2024ರ ಜುಲೈ 19ರಂದು. ಆಗ ಹಾಡುಗಾರ ಇಯಾನ್ ಗಿಲನ್‌ಗೆ 78 ವರ್ಷ, ಬೇಸ್ ನುಡಿಸುವ ರೋಜರ್ ಗ್ಲೋವರ್‌ಗೂ 78, ಡ್ರಮ್ಮರ್ ಇಯಾನ್ ಪೈಸ್‌ಗೆ 76. ಗಿಟಾರ್ ಹಿಡಿದ ಸೈಮನ್ ಮೆಕ್‌ಬ್ರೈಡ್ ಹುಟ್ಟಿದ್ದು 1979ರಲ್ಲಿ. ಈ ಬ್ಯಾಂಡಿಗೆ ಜಗತ್ತಿನಾದ್ಯಂತ ಹೆಸರು ತಂದ ‘ಮಷೀನ್ ಹೆಡ್’ ಬಂದು ಆಗಲೇ ಏಳು ವರ್ಷವಾಗಿತ್ತು. ಮೆಕ್‌ಬ್ರೈಡ್‌ಗಿಂತ ಮುಂಚೆ ಆ ಜಾಗದಲ್ಲಿದ್ದ ಸ್ಟೀವ್ ಮೋರ್ಸ್ 28 ವರ್ಷ ನುಡಿಸಿ, ಕ್ಯಾನ್ಸರ್ ಬಂದಿದ್ದ ಹೆಂಡತಿಯ ಆರೈಕೆಗೆಂದು 2022ರಲ್ಲಿ ಹೊರಬಂದರು.

1968ರಲ್ಲಿ ಬ್ಯಾಂಡ್ ಕಟ್ಟಿದವರ ಪೈಕಿ ಈಗ ತಂಡದಲ್ಲಿ ಉಳಿದಿರುವವರು ಪೈಸ್ ಒಬ್ಬರೇ. ಜನ ಬದಲಾದಾಗಲೆಲ್ಲ ಅಭಿಮಾನಿಗಳು ತಂಡಕ್ಕೊಂದು ‘ಮಾರ್ಕ್’ ಸಂಖ್ಯೆ ಕೊಡುತ್ತಾ ಬಂದಿದ್ದಾರೆ. ಮೆಕ್‌ಬ್ರೈಡ್ ಇರುವ ತಂಡ ಮಾರ್ಕ್ ಒಂಬತ್ತು. ಇಷ್ಟು ಸಲ ಒಡೆದು ಕೂಡಿದ ಬ್ಯಾಂಡ್ ಆಗಿರುವುದರಿಂದಲೇ, ಆಳು ಬದಲಾದ ಮೇಲೆ ಆಲ್ಬಮ್ ಮಾಡುವುದು ಹೇಗೆ, ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇವರ ಚರಿತ್ರೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಹೊಸಬರನ್ನು ಕೂರಿಸಿಕೊಂಡು ಹಾಡು ಕಟ್ಟಿದಾಗ ಆಲ್ಬಮ್ ಗೆದ್ದಿದೆ; ಯಾರದೋ ಅಳತೆಗೆ ಹೊಲಿದ ಹಾಡನ್ನು ಇನ್ನೊಬ್ಬರಿಗೆ ತೊಡಿಸಲು ಹೋದಾಗ ಜಗಳವಾಗಿದೆ. ಮೈಕು, ಆಂಪ್ಲಿಫೈಯರು, ಮಿಕ್ಸಿಂಗು ಎಲ್ಲ ಆಮೇಲಿನ ಮಾತು.

1992ರ ತಪ್ಪು, 1995ರ ಸರಿ

1989ರಲ್ಲಿ ಗಿಲನ್ ಹೊರಬಿದ್ದಾಗ ಜೋ ಲಿನ್ ಟರ್ನರ್ ಹಾಡುಗಾರರಾಗಿ ಬಂದರು. 1990ರಲ್ಲಿ ಅವರ ಜೊತೆ ಒಂದು ಆಲ್ಬಮ್ ಆಯಿತು. ಮುಂದಿನ ಆಲ್ಬಮ್ಮಿನ ಕೆಲಸ ನಡೆಯುತ್ತಿರುವಾಗಲೇ, 1992ರಲ್ಲಿ, ಟರ್ನರ್ ಹೋಗಿ ಗಿಲನ್ ಮರಳಿದರು. ಟರ್ನರ್ ಕಂಠಕ್ಕೆಂದು ರೂಪಿಸಿದ್ದ ಸಾಮಗ್ರಿಗೆ ಗಿಲನ್ ಹೊಸ ಸಾಹಿತ್ಯ, ಹೊಸ ಮಟ್ಟು ಹಾಕಬೇಕಾಯಿತು. ಮಾಧುರ್ಯವೆಲ್ಲ ಹೋಯಿತೆಂದು ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಸಿಟ್ಟಾದರು. ‘ದ ಬ್ಯಾಟಲ್ ರೇಜಸ್ ಆನ್’ 1993ರಲ್ಲಿ ಬಂತು; ಅದೇ ನವೆಂಬರಿನಲ್ಲಿ, ಪ್ರವಾಸದ ನಡುವೆ, ಬ್ಲ್ಯಾಕ್‌ಮೋರ್ ಬ್ಯಾಂಡ್ ಬಿಟ್ಟು ನಡೆದರು.

ಇಲ್ಲಿ ಮನಸ್ತಾಪದ ಜೊತೆಗೆ ಒಂದು ತಾಂತ್ರಿಕ ತೊಡಕೂ ಇದೆ. ಪ್ರತಿ ಕಂಠಕ್ಕೂ ಅದು ಮೊಳಗುವ ಒಂದು ಪಟ್ಟಿ ಇರುತ್ತದೆ, ಆರೇಳು ಸ್ವರಗಳ ಅಗಲದ್ದು. ಹಾಡಿನ ಪಲ್ಲವಿ ಆ ಪಟ್ಟಿಯ ಮೇಲಂಚಿಗೆ ಬಂದು ತಾಗಬೇಕು. ವಾದ್ಯಗಳ ಟ್ರ್ಯಾಕ್ ಮುಗಿದ ಮೇಲೆ ಹಾಡುಗಾರ ಬದಲಾದರೆ ಶ್ರುತಿ ತಪ್ಪಾದ ಕಡೆ ಕೂತುಬಿಟ್ಟಿರುತ್ತದೆ. ಟೇಪ್ ಕಾಲದಲ್ಲಿ ಅದನ್ನು ಅರ್ಧ ಮನೆ (ಒಂದು ಸ್ಥಾಯಿಯ ಹನ್ನೆರಡನೇ ಒಂದು ಭಾಗ) ಇಳಿಸಬೇಕೆಂದರೆ ಟೇಪಿನ ವೇಗವನ್ನು ಶೇಕಡ 5.6ರಷ್ಟು ತಗ್ಗಿಸಬೇಕಿತ್ತು. ಆಗ ಗತಿಯೂ ಜೊತೆಯಲ್ಲೇ ಇಳಿದು, ನಿಮಿಷಕ್ಕೆ 120 ಬೀಟ್ ಇದ್ದ ಹಾಡು 113ಕ್ಕೆ ಬಂದು ನಿಲ್ಲುತ್ತದೆ. ಸಿಂಬಲ್ ಮಂಕಾಗುತ್ತದೆ, ಡ್ರಮ್ ತೊದಲುತ್ತದೆ. ಇಂದಿನ ಸಾಫ್ಟ್‌ವೇರ್ ಗತಿ ಮುಟ್ಟದೆ ಶ್ರುತಿ ಬದಲಿಸುತ್ತದೆ ನಿಜ. ಆದರೆ ಡಿಸ್ಟಾರ್ಶನ್ (ಬೇಕೆಂದೇ ಒರಟಾಗಿಸಿದ ಧ್ವನಿ) ತುಂಬಿದ ಗಿಟಾರಿನ ಮೇಲೆ ಅದನ್ನು ಪ್ರಯೋಗಿಸಿದರೆ ತಂತಿಗೆ ಪ್ಲೆಕ್ಟ್ರಮ್ (ಮೀಟುವ ಬಿಲ್ಲೆ) ಬಡಿಯುವ ಆ ಮೊದಲ ಕಚ್ಚುವಿಕೆಯೇ ಮಸುಕಾಗುತ್ತದೆ. ಹೊಸದಾಗಿ ನುಡಿಸುವುದೊಂದೇ ಪ್ರಾಮಾಣಿಕ ದಾರಿ.

ಬ್ಲ್ಯಾಕ್‌ಮೋರ್ ಹೋದ ಮೇಲೆ ಜೋ ಸಾಟ್ರಿಯಾನಿ ಬಂದು ಬಾಕಿ ಇದ್ದ ಪ್ರವಾಸ ಮುಗಿಸಿಕೊಟ್ಟರು. ಸ್ವಂತ ಒಪ್ಪಂದಗಳಿದ್ದರಿಂದ ಖಾಯಂ ಆಗಲಿಲ್ಲ. 1994ರ ನವೆಂಬರಿನಲ್ಲಿ ಸ್ಟೀವ್ ಮೋರ್ಸ್ ಸೇರಿದರು. ಆಗ ಬ್ಯಾಂಡ್ ಮಾಡಿದ ಒಳ್ಳೆಯ ಕೆಲಸವೆಂದರೆ ಹೊಸ ಹಾಡುಗಳನ್ನು ಆಲ್ಬಮ್ ಮುಗಿಯುವ ಮುನ್ನವೇ ವೇದಿಕೆಗೆ ಒಯ್ದಿದ್ದು. 1995ರ ಏಪ್ರಿಲ್ 8ರ ಮುಂಬೈ ಕಾರ್ಯಕ್ರಮದ ಧ್ವನಿಮುದ್ರಣ ಕೇಳಿದವರಿಗೆ ಗೊತ್ತು: ಮುಂದೆ ‘ಟೆಡ್ ದ ಮೆಕ್ಯಾನಿಕ್’ ಆದ ಹಾಡು ಅಲ್ಲಿ ‘ಕೆನ್ ದ ಮೆಕ್ಯಾನಿಕ್’ ಎಂಬ ಹೆಸರಿನಲ್ಲಿದೆ. ಫ್ಲಾರಿಡಾದಲ್ಲಿ ಧ್ವನಿಮುದ್ರಣಗೊಂಡ ‘ಪರ್ಪೆಂಡಿಕ್ಯುಲರ್’ 1996ರ ಫೆಬ್ರವರಿಯಲ್ಲಿ ಬಂದಾಗ ಅದರಲ್ಲಿ ಬ್ಲ್ಯಾಕ್‌ಮೋರ್ ನೆರಳು ಹುಡುಕುವ ಅಗತ್ಯವೇ ಇರಲಿಲ್ಲ. ಮೊದಲ ರಿಫ್ಫಿನಲ್ಲೇ (ಮರುಕಳಿಸುವ ಗಿಟಾರ್ ತುಣುಕಿನಲ್ಲೇ) ಮೋರ್ಸ್ ಕೈಚಳಕದ ಚೀರುವ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲೆ ಹುಟ್ಟುವ ಉಪಸ್ವರಗಳು) ಕೇಳುತ್ತದೆ. ಮೋರ್ಸ್ ಕಾಲದ ಆಲ್ಬಮ್‌ಗಳಲ್ಲಿ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆಯಲ್ಲಿ ಪಳಗಿದ ಹಾಡುಗಳಿದ್ದದ್ದು ಅದಕ್ಕೊಂದು ಮುಖ್ಯ ಕಾರಣ.

ಸ್ಟುಡಿಯೋ ಬಾಡಿಗೆ ಶುರುವಾಗುವ ಮುಂಚೆ

ಡೀಪ್ ಪರ್ಪಲ್ ಹಾಡು ಕಟ್ಟುವ ಕ್ರಮ ಹೆಚ್ಚು ಬದಲಾಗಿಲ್ಲ. ಎಲ್ಲರೂ ಒಂದು ಕೋಣೆಯಲ್ಲಿ ಸೇರಿ ತೋಚಿದ್ದು ನುಡಿಸುತ್ತಾರೆ, ಒಳ್ಳೆಯ ತುಣುಕುಗಳನ್ನು ಹೆಕ್ಕುತ್ತಾರೆ, ವಾದ್ಯಗಳ ಕಟ್ಟಡ ಎದ್ದು ನಿಂತ ಮೇಲೆ ಗಿಲನ್ ಮತ್ತು ಗ್ಲೋವರ್ ಕೂತು ಸಾಹಿತ್ಯ ಬರೆಯುತ್ತಾರೆ. ಈ ಪದ್ಧತಿಯಲ್ಲಿ ಹೊಸ ಗಿಟಾರಿಸ್ಟ್ ಮೊದಲ ದಿನದಿಂದಲೇ ಲೇಖಕ. ಮೆಕ್‌ಬ್ರೈಡ್‌ಗೆ ಇನ್ನೊಂದು ಅನುಕೂಲವೂ ಇತ್ತು: ಕೀಬೋರ್ಡ್ ನುಡಿಸುವ ಡಾನ್ ಏರಿಯ ಸ್ವಂತ ತಂಡದಲ್ಲೂ ಗಿಲನ್ ಅವರ ಸೋಲೋ ಪ್ರವಾಸಗಳಲ್ಲೂ ಮೊದಲೇ ನುಡಿಸಿದ್ದರು, 2022ರ ಪ್ರವಾಸದಲ್ಲಿ ಮೊದಲು ಬದಲಿ ವಾದಕನಾಗಿ ಬಂದು ಆಮೇಲೆ ಖಾಯಂ ಆದರು.

ಯಾವುದೇ ಬ್ಯಾಂಡ್ ಈ ಹಂತಕ್ಕೆ ಎರಡು ವಾರವಾದರೂ ಮೀಸಲಿಡಬೇಕು. ಕೋಣೆಯ ಮಧ್ಯೆ ಎರಡು ಮೈಕ್ ನಿಲ್ಲಿಸಿ ಎಲ್ಲವನ್ನೂ ಮುದ್ರಿಸಿಕೊಳ್ಳಿ, ಶ್ರುತಿ ಸರಿಮಾಡುವ ಹೊತ್ತಿನ ಗೀಚಾಟವನ್ನೂ ಬಿಡಬೇಡಿ. ಒಳ್ಳೆಯ ರಿಫ್‌ಗಳು ಅಲ್ಲೇ ಸಿಗುವುದು. ದಿನದ ಕೊನೆಗೆ ಒಬ್ಬರು ಕೂತು ತುಣುಕಿನ ಸಮಯ, ಶ್ರುತಿ, ಗತಿ ಬರೆದಿಡಬೇಕು. ಹಾಡಿಗೆ ಹೆಸರಿಡುವ ಅವಸರ ಬೇಡ.

ಹಣದ ಮಾತು ಇಲ್ಲೇ ಮುಗಿಯಬೇಕು. 1969ರಿಂದ 73ರವರೆಗಿನ ತಂಡ ಹಾಡುಗಳನ್ನು ಐವರ ಹೆಸರಿನಲ್ಲೂ ದಾಖಲಿಸಿತು. ರಿಫ್ ಯಾರದು, ಸಾಲು ಯಾರದು ಎಂಬ ಕಿತ್ತಾಟ ಇಲ್ಲದಿದ್ದರೆ ಹೊಸಬರು ಧೈರ್ಯವಾಗಿ ಕೈ ಹಾಕುತ್ತಾರೆ. ಸಂಬಳಕ್ಕೆ ಬಂದವರು ಸಂಬಳಕ್ಕೆ ತಕ್ಕಷ್ಟೇ ನುಡಿಸುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ಬ್ಯಾಂಡಿನ ಹೆಸರು ಯಾರ ಸ್ವತ್ತು ಎಂಬುದೂ ಕಾಗದದಲ್ಲಿರಬೇಕು. 1980ರಲ್ಲಿ ಮೊದಲ ತಂಡದ ಹಾಡುಗಾರ ರಾಡ್ ಇವಾನ್ಸ್ ಬೇರೆ ವಾದಕರನ್ನು ಕಟ್ಟಿಕೊಂಡು ‘ಡೀಪ್ ಪರ್ಪಲ್’ ಹೆಸರಿನಲ್ಲೇ ಅಮೆರಿಕ ಸುತ್ತಿದಾಗ ಪ್ರಕರಣ ಕೋರ್ಟಿಗೆ ಹೋಗಿ 6,72,000 ಡಾಲರ್ ಪರಿಹಾರದ ಆದೇಶವಾಯಿತು.

ಹಿರಿಯ ಹಾಡುಗಾರ ಇರುವ ಬ್ಯಾಂಡಿನಲ್ಲಿ ಶ್ರುತಿಯ ತೀರ್ಮಾನವೂ ಈ ಹಂತದ್ದೇ. ಹಾಡಿನ ಒಂದು ಚರಣ, ಒಂದು ಪಲ್ಲವಿಯನ್ನು ಮೂರು ಶ್ರುತಿಗಳಲ್ಲಿ ಹಾಡಿಸಿ ನೋಡಬೇಕು: ಇದ್ದಂತೆ, ಅರ್ಧ ಮನೆ ಕೆಳಗೆ, ಒಂದು ಮನೆ ಕೆಳಗೆ. ಸುಲಭವಾಗಿದೆ ಎಂದು ತೀರಾ ಕೆಳಗೆ ಇಳಿಸಿದರೆ ಕಂಠದ ಒತ್ತಡವೇ ಹೋಗಿ ಹಾಡು ಗೊಣಗಿದಂತಾಗುತ್ತದೆ. ಆಯಾ ಶ್ರುತಿಯಲ್ಲಿ ಮೂರನೇ ಸಲ ಪಲ್ಲವಿ ಹಾಡಿದಾಗ ಹೇಗಿದೆ ಎಂಬುದರ ಮೇಲೆ ನಿರ್ಧರಿಸಿ. ಮೊದಲನೆಯದು ಯಾರಿಗಾದರೂ ಬರುತ್ತದೆ.

ಶ್ರುತಿ ಇಳಿಸಿದರೆ ಗಿಟಾರಿನ ಕಡೆ ಕೆಲಸ ಹೆಚ್ಚುತ್ತದೆ. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾದದ್ದು. ಅರ್ಧ ಮನೆ ಇಳಿಸಿದರೆ ಬಿಗಿತ ಶೇಕಡ 11ರಷ್ಟು ಕುಗ್ಗುತ್ತದೆ, ಒಂದು ಮನೆ ಇಳಿಸಿದರೆ ಶೇಕಡ 21. ಸಡಿಲ ತಂತಿಯನ್ನು ಜೋರಾಗಿ ಹೊಡೆದರೆ ಆ ಕ್ಷಣಕ್ಕೆ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಕೂರುತ್ತದೆ. ಎರಡು ಗಿಟಾರ್ ಟ್ರ್ಯಾಕ್ ಒಂದರ ಮೇಲೊಂದು ಇಟ್ಟಾಗ ಈ ಜಿಗಿತ ಅಪಶ್ರುತಿಯಾಗಿ ಕೇಳುತ್ತದೆ. ಪರಿಹಾರ ಸರಳ: ಒಂದು ಮನೆ ಇಳಿಸುವುದಾದರೆ .009 ಇಂಚಿನ ಮೊದಲ ತಂತಿಯ ಬದಲು .010 ಹಾಕಿ, ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ. ತಂತಿ ಬದಲಾದ ಮೇಲೆ ತಂತಿ ಕೂರುವ ಕುದುರೆ, ಅಂದರೆ ಬ್ರಿಡ್ಜ್‌ನಲ್ಲಿ, ಪ್ರತಿ ತಂತಿಯ ಉದ್ದ ಮತ್ತೆ ಹೊಂದಿಸಲೇಬೇಕು. ಗಿಟಾರಿನ ಕತ್ತಿನ ಮೇಲಿನ ಹನ್ನೆರಡನೇ ಲೋಹಪಟ್ಟಿಯ (ಫ್ರೆಟ್) ಸ್ವರವೂ ಅಲ್ಲಿಯ ಹಾರ್ಮೋನಿಕ್ಕೂ ಒಂದೇ ಆಗುವವರೆಗೆ.

ಒಂದೇ ಕೋಣೆಯಲ್ಲಿ ಐವರು

1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರ್ಯಾಂಕ್ ಜಪ್ಪಾ ಕಾರ್ಯಕ್ರಮದ ವೇಳೆ ಕ್ಯಾಸಿನೋ ಸುಟ್ಟುಹೋಯಿತು. ಅಲ್ಲೇ ರೆಕಾರ್ಡ್ ಮಾಡಬೇಕಿದ್ದ ಡೀಪ್ ಪರ್ಪಲ್, ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಒಡ್ಡಿ ‘ಮಷೀನ್ ಹೆಡ್’ ಮುದ್ರಿಸಿತು. ಯಂತ್ರಗಳಿದ್ದದ್ದು ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್ ಮೊಬೈಲ್ ಟ್ರಕ್ಕಿನಲ್ಲಿ. ಮುದ್ರಿಸಿದ್ದನ್ನು ಕೇಳಬೇಕೆಂದರೆ ಕೋಣೆ, ಬಾಲ್ಕನಿಗಳನ್ನು ದಾಟಿ ಟ್ರಕ್ಕಿಗೆ ಹೋಗಬೇಕು. ಕೊನೆಗೆ ಹೋಗುವುದನ್ನೇ ಬಿಟ್ಟರು. ನುಡಿಸುವಾಗ ಸರಿ ಬಂತೆಂದು ಅನ್ನಿಸಿದ್ದೇ ಟೇಕ್ (ಒಂದು ಸಲದ ಪೂರ್ತಿ ಮುದ್ರಣ) ಆಯಿತು.

ಹೊಸ ವಾದಕ ಇರುವಾಗ ಈ ಶಿಸ್ತನ್ನು ಬೇಕೆಂದೇ ತಂದುಕೊಳ್ಳುವುದು ಒಳ್ಳೆಯದು. ಟೇಕ್ ಆದ ತಕ್ಷಣ ಎಲ್ಲರೂ ಕಂಟ್ರೋಲ್ ರೂಮಿಗೆ ಓಡಿದರೆ ಪ್ರತಿಯೊಬ್ಬರೂ ತಮ್ಮ ವಾದ್ಯದ ತಪ್ಪನ್ನಷ್ಟೇ ಕೇಳುತ್ತಾರೆ, ಹೊಸಬರು ಎಲ್ಲರಿಗಿಂತ ಹೆಚ್ಚು. ಮೂರು ಟೇಕ್ ಆಗುವವರೆಗೆ ಏನನ್ನೂ ಕೇಳಿಸಬೇಡಿ. ಐದರೊಳಗೆ ಹಾಡು ಸಿಗದಿದ್ದರೆ ಬೇರೆ ಹಾಡಿಗೆ ಹೋಗಿ ಮರುದಿನ ಬನ್ನಿ.

ವಾದಕರು ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಇರಬೇಕು. ಆಂಪ್ಲಿಫೈಯರುಗಳು ಮಾತ್ರ ಬೇರೆ ಕೋಣೆಗಳಲ್ಲಿ. ಶಬ್ದ 34 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಡ್ರಮ್ಮಿನಿಂದ ಮೂರೂವರೆ ಮೀಟರ್ ದೂರ ನಿಂತವರಿಗೆ ತಾಳ ಹತ್ತು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ; ಅದನ್ನು ಮನುಷ್ಯ ಸಹಿಸಿಕೊಳ್ಳುತ್ತಾನೆ. ಇಂಟರ್ನೆಟ್ ಮೂಲಕ ಬೇರೆ ಬೇರೆ ಊರುಗಳಿಂದ ಒಟ್ಟಿಗೆ ನುಡಿಸಲು ಹೋದರೆ ಇದು ಹಲವು ಪಟ್ಟು ಹೆಚ್ಚಿ ಲಯವೇ ಜಾರುತ್ತದೆ. ಅದಕ್ಕೇ ದೂರದಿಂದ ಕೆಲಸ ಮಾಡುವವರು ಒಬ್ಬರಾದ ಮೇಲೆ ಒಬ್ಬರು ಮುದ್ರಿಸುತ್ತಾರೆ. ಕೊರೊನಾ ಕಾಲದಲ್ಲಿ ಡೀಪ್ ಪರ್ಪಲ್ ಹಾಗೆ ದೂರದಿಂದಲೇ ಮಾಡಿದ ‘ಟರ್ನಿಂಗ್ ಟು ಕ್ರೈಮ್’ ಪೂರ್ತಿ ಬೇರೆಯವರ ಹಾಡುಗಳದ್ದು. ಗೊತ್ತಿರುವ ಹಾಡಿಗೆ ನಕ್ಷೆ ಮೊದಲೇ ಇರುತ್ತದೆ, ಆದ್ದರಿಂದ ಅದು ಸಾಧ್ಯ. ಹೊಸ ಹಾಡು, ಹೊಸ ಗಿಟಾರಿಸ್ಟ್ ಎರಡೂ ಇದ್ದಾಗ ಆ ದಾರಿ ಬೇಡ.

ಮೆಟ್ರೊನೋಮ್ ಕ್ಲಿಕ್ ಬೇಕೇ? ಪೈಸ್ ಥರದ, ಸ್ವಿಂಗ್ ಬೆರೆತ ಕೈ ಇರುವವರು ಪಲ್ಲವಿಗೆ ಬಂದಾಗ ಗತಿಯನ್ನು ನಿಮಿಷಕ್ಕೆ ಎರಡು ಮೂರು ಬೀಟ್ ಹೆಚ್ಚಿಸುತ್ತಾರೆ, ಚರಣಕ್ಕೆ ಹಿಂದಕ್ಕೆ ಬರುತ್ತಾರೆ. ಹಾಡು ಉಸಿರಾಡುವುದು ಆ ಏರಿಳಿತದಿಂದಲೇ. ನೆಟ್ಟಗೆ ಒಂದೇ ಗತಿಯ ಕ್ಲಿಕ್ ಹಾಕಿದರೆ ಅದು ಸತ್ತುಹೋಗುತ್ತದೆ. ಕ್ಲಿಕ್ ಬೇಕೇಬೇಕು ಎಂದಾದರೆ ಮೊದಲು ಕ್ಲಿಕ್ ಇಲ್ಲದ ಒಂದು ಟೇಕ್ ತೆಗೆದು, ಅದರ ಏರಿಳಿತವನ್ನು ಅಳೆದು, ಭಾಗಕ್ಕೊಂದು ಗತಿಯಂತೆ ಕ್ಲಿಕ್ ತಯಾರಿಸಬೇಕು.

ಡ್ರಮ್ಮಿಗೆ ಹನ್ನೆರಡು ಮೈಕ್ ಇಡುವುದು ದೊಡ್ಡ ಮಾತಲ್ಲ, ಅವು ಪರಸ್ಪರ ಕಾದಾಡದಂತೆ ಇಡುವುದು ಮುಖ್ಯ. ಒಂದೇ ಸ್ನೇರ್ (ಚುರುಕು ಧ್ವನಿಯ ಮುಖ್ಯ ಡ್ರಮ್) ಪೆಟ್ಟು ಎರಡು ಮೈಕಿಗೆ ಒಂದು ಮಿಲಿಸೆಕೆಂಡ್ ಅಂತರದಲ್ಲಿ ತಲುಪಿತೆನ್ನಿ. 500 ಹರ್ಟ್ಸ್ ಸುತ್ತಲಿನ ಧ್ವನಿ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಸ್ನೇರಿನ ಮೈಯೇ ಮಾಯ, ಬರೀ ತಗಡು ಉಳಿಯುತ್ತದೆ. ಇದನ್ನು ತಪ್ಪಿಸಲು ದಾರ ಸಾಕು. ಒಂದು ತುದಿಯನ್ನು ಸ್ನೇರಿನ ನಟ್ಟನಡುವೆ ಒತ್ತಿ ಹಿಡಿದು, ತಲೆಯ ಮೇಲಿನ ಎಡ ಮೈಕಿನವರೆಗೆ ಎಳೆದು ಗಂಟು ಹಾಕಿ. ಅದೇ ದಾರವನ್ನು ಬಲ ಮೈಕಿಗೆ ತಿರುಗಿಸಿ, ಗಂಟು ಮೈಕಿನ ಬಾಯಿಗೆ ತಾಗುವವರೆಗೆ ಸ್ಟ್ಯಾಂಡ್ ಸರಿಸಿ. ಪೈಸ್ ಎಡಗೈ ಡ್ರಮ್ಮರ್. ಹೈ-ಹ್ಯಾಟ್ (ಜೋಡಿ ಸಿಂಬಲ್) ಬಲಗಡೆ, ದೊಡ್ಡ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್) ಎಡಗಡೆ ಇರುತ್ತವೆ. ರೂಢಿಯಂತೆ ಮೈಕ್ ಹೂಡಿ ಹೆಸರು ಬರೆದಿಟ್ಟ ಸಹಾಯಕರು ಮಿಕ್ಸ್ ಮಾಡುವವರಿಗೆ ಎಡಬಲ ಅದಲುಬದಲಾದ ಕಿಟ್ ದಾಟಿಸಿಬಿಡಬಹುದು.

ಆರ್ಗನ್ ಮತ್ತು ಗಿಟಾರ್: ಈ ಬ್ಯಾಂಡಿನ ನಿಜವಾದ ಕಗ್ಗಂಟು

ಬಹುತೇಕ ಹಾರ್ಡ್ ರಾಕ್ ಬ್ಯಾಂಡ್‌ಗಳಲ್ಲಿ ಕೀಬೋರ್ಡ್ ಹಿನ್ನೆಲೆಯ ತೆರೆ. ಇಲ್ಲಿ ಹಾಗಲ್ಲ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಸಿ3 ಆರ್ಗನ್ನನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿ ಅದನ್ನು ಗಿಟಾರಿನಷ್ಟೇ ಒರಟಾಗಿಸಿದರು. 2002ರಲ್ಲಿ ಅವರ ಜಾಗಕ್ಕೆ ಬಂದ ಡಾನ್ ಏರಿ ಆ ಗುಣವನ್ನು ಉಳಿಸಿಕೊಂಡರು. ಪರಿಣಾಮ, ಒರಟು ಆರ್ಗನ್ನೂ ಒರಟು ಗಿಟಾರೂ ಎರಡೂ 300ರಿಂದ 3,000 ಹರ್ಟ್ಸ್ ನಡುವೆ, ಅಂದರೆ ಮನುಷ್ಯಕಂಠ ಇರುವ ಜಾಗದಲ್ಲೇ, ಬಂದು ಕೂರುತ್ತವೆ. ಗಿಟಾರಿಸ್ಟ್ ಬದಲಾದಾಗ ಮೊದಲು ಅಲುಗಾಡುವುದು ಈ ಹೊಂದಾಣಿಕೆಯೇ. ಬ್ಲ್ಯಾಕ್‌ಮೋರ್ ಅವರ ಸ್ಟ್ರ್ಯಾಟೋಕ್ಯಾಸ್ಟರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) ತೆಳ್ಳಗೆ, ಚುರುಕಾಗಿ ಆರ್ಗನ್ನಿನ ಮೇಲೆ ತೇಲುತ್ತಿತ್ತು. ಎರಡು ಸುರುಳಿಯ ಹಂಬಕರ್ ಪಿಕಪ್ಪಿನ ದಪ್ಪ ಧ್ವನಿ ಬಂದಾಗ ಅದು ಆರ್ಗನ್ನಿನ ಜಾಗಕ್ಕೇ ಇಳಿಯುತ್ತದೆ. ಆಗ ಇಬ್ಬರಲ್ಲಿ ಒಬ್ಬರು ಜರುಗಬೇಕು.

ಜರುಗುವುದು ಮಿಕ್ಸಿಂಗ್ ಡೆಸ್ಕಿನಲ್ಲಲ್ಲ, ಬೆರಳಿನಲ್ಲಿ. ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಸ್ವರಗಳನ್ನು ಒಟ್ಟಿಗೆ ಡಿಸ್ಟಾರ್ಶನ್‌ಗೆ ಹಾಕಿದರೆ ಅವೆರಡರ ಕಂಪನಾಂಕಗಳ ವ್ಯತ್ಯಾಸವೂ ಒಂದು ಮೂರನೇ ಸ್ವರವಾಗಿ ಹುಟ್ಟುತ್ತದೆ. ಷಡ್ಜ-ಪಂಚಮದ ಅನುಪಾತ 2:3. ಹುಟ್ಟುವ ಸ್ವರ 1, ಅಂದರೆ ಕೆಳ ಸ್ಥಾಯಿಯ ಷಡ್ಜ. ಧ್ವನಿ ಇನ್ನಷ್ಟು ಗಟ್ಟಿಯಾಗುತ್ತದೆ. ಷಡ್ಜ-ಶುದ್ಧ ಮಧ್ಯಮದ 3:4 ಕೂಡ ಹೀಗೇ ಮೇಲಿನ ಸ್ವರದ ಎರಡು ಸ್ಥಾಯಿ ಕೆಳಗಿನ ರೂಪವನ್ನು ಕೊಡುತ್ತದೆ. ಗಿಟಾರ್ ಹಿಡಿದ ಪ್ರತಿ ಹುಡುಗ ಹುಡುಗಿ ಮೊದಲು ಕಲಿಯುವ ‘ಸ್ಮೋಕ್ ಆನ್ ದ ವಾಟರ್’ ರಿಫ್ ಪೂರ್ತಿ ಈ ಮಧ್ಯಮದ ಜೋಡಿಗಳಲ್ಲೇ ಇದೆ. ಆದರೆ ಅಂತರ ಗಾಂಧಾರ ಸೇರಿಸಿ ನೋಡಿ. ಫ್ರೆಟ್ ಇರುವ ಗಿಟಾರಿನಲ್ಲೂ ಆರ್ಗನ್ನಿನಲ್ಲೂ ಆ ಗಾಂಧಾರ ಶುದ್ಧ ಅನುಪಾತಕ್ಕಿಂತ 14 ಸೆಂಟ್‌ನಷ್ಟು (ಅರ್ಧ ಮನೆಯ ನೂರರಲ್ಲಿ 14 ಭಾಗ) ಮೇಲಿರುತ್ತದೆ. ಆಂಪ್ಲಿಫೈಯರ್ ಆ ದೋಷವನ್ನು ಹಿಗ್ಗಿಸಿ, ಕೆಳಗಡೆ ಶ್ರುತಿಗೆ ಸೇರದ ಗುರುಗುರು ಹುಟ್ಟಿಸುತ್ತದೆ.

ಹೀಗಾಗಿ ಕೆಲಸ ಹಂಚಿಕೊಳ್ಳುವುದು ಹೀಗೆ: ಗಿಟಾರ್ ಪಂಚಮ ಅಥವಾ ಮಧ್ಯಮದ ಜೋಡಿ ನುಡಿಸಲಿ, ಗಾಂಧಾರವನ್ನು ಆರ್ಗನ್ ಕಡಿಮೆ ಒರಟಿನಲ್ಲಿ, ಮೇಲಿನ ಸ್ಥಾಯಿಯಲ್ಲಿ ಕೊಡಲಿ. ಆರ್ಗನ್ನಿನಲ್ಲಿ ನಾದದ ಪದರಗಳನ್ನು ಎಳೆದು ಬೆರೆಸುವ ಒಂಬತ್ತು ಡ್ರಾಬಾರ್‌ಗಳಲ್ಲಿ ಮೊದಲ ಮೂರನ್ನು ಪೂರ್ತಿ ಎಳೆಯುವುದು ರಾಕ್ ವಾದಕರ ರೂಢಿ. ಬೇಸ್ ಗಿಟಾರ್ ಜೋರಾಗಿರುವ ಕಡೆ ಅದರಲ್ಲಿ ಮೊದಲನೆಯದನ್ನು ಅರ್ಧಕ್ಕೆ ತಳ್ಳಿದರೆ ಕೆಳಗಿನ ಕೆಸರು ತಿಳಿಯಾಗುತ್ತದೆ. ಎಡಗೈ ಕೆಳ ಸ್ಥಾಯಿಯಲ್ಲಿ ಸುಮ್ಮನಿದ್ದರೆ ಇನ್ನೂ ಒಳ್ಳೆಯದು. ಗಿಟಾರಿಗೆ ಎಸ್‌ಎಂ57 ಮೈಕನ್ನು ಸ್ಪೀಕರ್ ಬಟ್ಟೆಯಿಂದ ಮೂರು ಸೆಂಟಿಮೀಟರ್ ದೂರ, ಕೋನಿನ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಇಟ್ಟು, 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಬಹುದು. ಗಿಟಾರಿನ ಅತಿ ದಪ್ಪ ತಂತಿಯೇ 82ರಿಂದ ಶುರುವಾಗುವುದು. ಅದಕ್ಕೂ ಕೆಳಗಿನದು ಬೇಸ್ ಮತ್ತು ಕಿಕ್ ಡ್ರಮ್ಮಿಗೆ ಸೇರಿದ್ದು. ಶ್ರುತಿ ಇಳಿಸಿದ್ದರೆ ಈ ಗೆರೆಯನ್ನೂ ಇಳಿಸಬೇಕು.

ಹೊಸ ಗಿಟಾರಿಸ್ಟ್ ಒಬ್ಬರೇ ಕೂತು ಮೆಚ್ಚಿಕೊಂಡ ಧ್ವನಿ ಆರ್ಗನ್ ಜೊತೆ ಸೇರಿದಾಗ ಮುಳುಗುವುದು ತೀರಾ ಸಾಮಾನ್ಯ. ಆಗ ಗೇನ್ (ಆಂಪ್ಲಿಫೈಯರಿನಲ್ಲಿ ಒರಟು ಹೆಚ್ಚಿಸುವ ಗುಂಡಿ) ಹೆಚ್ಚಿಸಬೇಕೆನಿಸುತ್ತದೆ, ಮಾಡಬೇಕಾದ್ದು ತಿರುಗುಮುರುಗು. ಗೇನ್ ಹೆಚ್ಚಾದಷ್ಟೂ ಪೆಟ್ಟಿನ ಅಂಚು ಚಪ್ಪಟೆಯಾಗಿ ಗಿಟಾರ್ ಇನ್ನಷ್ಟು ಆರ್ಗನ್ನಿನಂತೆಯೇ ಕೇಳುತ್ತದೆ. ಗೇನ್ ಇಳಿಸಿ, ಅದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಕಡಿಮೆ ಗೇನಿನಲ್ಲೇ ದಪ್ಪ ಸಿಗುತ್ತದೆ.

ಕಂಠ, ಮತ್ತು ತೀರ್ಮಾನ ಹೇಳುವವರು

ಗಿಲನ್ ‘ಚೈಲ್ಡ್ ಇನ್ ಟೈಮ್’ನ ಆಕಾಶಕ್ಕೇರುವ ಕೂಗನ್ನು ವೇದಿಕೆಯಲ್ಲಿ ಕೈಬಿಟ್ಟು ಎರಡು ದಶಕ ದಾಟಿದೆ. ಈಗಿನ ಆಲ್ಬಮ್‌ಗಳಲ್ಲಿ ಅವರು ಮಾತಿಗೆ ಹತ್ತಿರವಾದ ಸ್ಥಾಯಿಯಲ್ಲಿ, ಪದಗಳ ಲಯದ ಮೇಲೆ ಹಾಡುತ್ತಾರೆ. ಇದು ಸರಿಯಾದ ಆಯ್ಕೆ. ವಯಸ್ಸಾದ ಕಂಠವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ದುಡಿಸಬಾರದು; ಬೆಳಗಿನ ಹೊತ್ತು ಬೇಡ, ಗಂಟಲು ಬಿಚ್ಚಿಕೊಂಡ ಮಧ್ಯಾಹ್ನದ ನಂತರ, ಕಷ್ಟದ ಹಾಡು ಮೊದಲು. ಮೈಕಿನಿಂದ ಒಂದು ಗೇಣು ದೂರ. ನಾಲ್ಕು ಪೂರ್ತಿ ಟೇಕ್ ತೆಗೆದು ಸಾಲು ಸಾಲಾಗಿ ಆರಿಸಿದರೆ ಸಾಕು. ಪದ ಪದವಾಗಿ ಕತ್ತರಿಸಿ ಅಂಟಿಸಿದರೆ ಉಸಿರಿನ ಜಾಗಗಳು ತಪ್ಪಿ ಕೇಳುಗರಿಗೆ ಕಾರಣ ಗೊತ್ತಾಗದೆಯೇ ಆಯಾಸವಾಗುತ್ತದೆ.

2013ರ ‘ನೌ ವಾಟ್?!’ ಆಲ್ಬಮ್ಮಿನಿಂದ ‘=1’ರವರೆಗೂ ನಿರ್ಮಾಪಕರು ಬಾಬ್ ಎಜ್ರಿನ್; ಪಿಂಕ್ ಫ್ಲಾಯ್ಡ್, ಆಲಿಸ್ ಕೂಪರ್, ಕಿಸ್ ಜೊತೆ ಕೆಲಸ ಮಾಡಿದವರು. ಜನ ಬದಲಾದ ಬ್ಯಾಂಡಿಗೆ ಹೊರಗಿನ ನಿರ್ಮಾಪಕರು ಬೇಕೇಬೇಕು. ಐವತ್ತು ವರ್ಷ ಒಟ್ಟಿಗೆ ನುಡಿಸಿದ ಮೂವರು ಒಂದು ಕಡೆ, ನಿನ್ನೆ ಬಂದವರು ಇನ್ನೊಂದು ಕಡೆ ಇರುವಾಗ ಸೋಲೋ ಉದ್ದವಾಯಿತು, ಈ ಭಾಗ ಬೇಡ ಎಂದು ಹೇಳುವ ಮಾತು ಹಿರಿಯರಿಂದ ಬಂದರೆ ಅಪ್ಪಣೆಯಾಗುತ್ತದೆ, ಕಿರಿಯರಿಂದ ಬಂದರೆ ಉದ್ಧಟತನವಾಗುತ್ತದೆ.

ಮಿಕ್ಸ್ ಮುಗಿದ ಮೇಲೆ ಹಾಡುಗಳ ಕ್ರಮ. ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 20 ನಿಮಿಷ ಮಿತಿ. ಹೆಚ್ಚು ತುಂಬಿದರೆ ಗೆರೆಗಳು ಕಿರಿದಾಗಿ ಧ್ವನಿ ಇಳಿಯುತ್ತದೆ. ತಟ್ಟೆಯ ಒಳಭಾಗದಲ್ಲಿ ಗೆರೆಯ ವೇಗ ಕಡಿಮೆ ಇರುವುದರಿಂದ ಅಲ್ಲಿ ಸಿಂಬಲ್ಲು, ಸ ಶ ಅಕ್ಷರಗಳು ಕೆರೆದಂತಾಗುತ್ತವೆ. ಆರ್ಗನ್ನೂ ಗಿಟಾರೂ ಜೋರಾಗಿ ಗುದ್ದಾಡುವ ಹಾಡನ್ನು ಮಗ್ಗುಲಿನ ಶುರುವಿಗೆ, ನಿಧಾನದ್ದನ್ನು ಕೊನೆಗೆ ಇಡುವುದು ಅದಕ್ಕೇ. ಸ್ಟ್ರೀಮಿಂಗಿಗೆ ಈ ಕಟ್ಟುಪಾಡಿಲ್ಲ, ಆದರೆ ಅಲ್ಲಿ ಪ್ರಮುಖ ಸೇವೆಗಳು ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ, LUFS) ಮಟ್ಟಕ್ಕೆ ತರುತ್ತವೆ. ಮಾಸ್ಟರಿಂಗಿನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹೊಂದಾಣಿಕೆ) ಹಿಂಡಿ ಹಿಂಡಿ ಜೋರಾಗಿಸಿದ ಹಾಡನ್ನು ಅವು ಮತ್ತೆ ತಗ್ಗಿಸುತ್ತವೆ, ಹಿಂಡುವಾಗ ಕಳೆದುಕೊಂಡ ಡ್ರಮ್ಮಿನ ಪೆಟ್ಟು ಮಾತ್ರ ಮರಳಿ ಬರುವುದಿಲ್ಲ. ಹಾಗಾಗಿ ಎಲ್‌ಪಿಗೊಂದು, ಸ್ಟ್ರೀಮಿಂಗಿಗೊಂದು ಎಂದು ಎರಡು ಮಾಸ್ಟರ್ ಮಾಡಿಸುವುದು ಒಳ್ಳೆಯದು.